ಬಟ್ಟೆ ಟಾಪಿನ ಕಾರಿಗೆ ಗಂಜಿ ಹಾಕಿರುವ ಬಗ್ಗೆ

ಜಿಲ್ಲಾ ಕಛೇರಿ, ಶಿವಮೊಗ್ಗ
(ಇಲಾಖೆಯ ಹೆಸರು ಬದಲಾಯಿಸುವ ಪ್ರಸ್ತಾವನೆ ಪರಿಶೀಲನೆಯಲ್ಲಿರುವುದರಿಂದ ಹಳೆಯ ಹೆಸರನ್ನು ಅಳಿಸಲಾಗಿದೆ. ಹೊಸ ಹೆಸರು ಇನ್ನೂ ಬಂದಿರುವುದಿಲ್ಲ.)

ಸಂಖ್ಯೆ: ಜಿಕ/ವಾಹನ/ಪರದೆ-15/ಗಂಜಿ/2025-26
ದಿನಾಂಕ: 02-06-2025

ಸುತ್ತೋಲೆ

ವಿಷಯ: ಕಛೇರಿಯ ಕಾರಿನ ಬಟ್ಟೆ ಟಾಪನ್ನು ತೊಳೆಯುವ, ಒಣಗಿಸುವ, ಮಡಿಸುವ, ಬಿಚ್ಚುವ ಹಾಗೂ ಅದಕ್ಕೆ ಇನ್ನು ಮುಂದೆ ಗಂಜಿ ಹಾಕದಿರುವ ಬಗ್ಗೆ.

ಉಲ್ಲೇಖ:
1. ಈ ಕಛೇರಿಯ ಆದೇಶ, ದಿನಾಂಕ 14-05-2025 (ಎಲ್ಲ ಬಟ್ಟೆಗಳನ್ನು ತೊಳೆದು ಗಂಜಿ ಹಾಕುವ ಬಗ್ಗೆ).
2. ಡಿ ಗ್ರೂಪ್ ನೌಕರರಾದ ಶ್ರೀಮತಿ ಕಾಳಮ್ಮ ಇವರಿಗೆ ನೀಡಿದ ಕಾರಣ ಕೇಳುವ ನೋಟಿಸ್, ದಿನಾಂಕ 19-05-2025.
3. ಸದರಿಯವರ ಉತ್ತರ (ಬಾಯಿಮಾತಿನಲ್ಲಿ, ಟೀ ಕೊಡುವಾಗ).
4. ಭದ್ರಾವತಿಯ ಕುಶನ್ ಅಂಗಡಿಯ ಶ್ರೀ ವೀರೇಂದ್ರ ಇವರ ಅಭಿಪ್ರಾಯ (ರಟ್ಟಿನ ತುಂಡಿನ ಮೇಲೆ).
5. ಹಸು (ಸ್ಥಳ ಮಹಜರು ಲಗತ್ತಿಸಿದೆ, ಹಸುವನ್ನು ಲಗತ್ತಿಸಿರುವುದಿಲ್ಲ).

ಪ್ರಸ್ತಾವನೆ:

ಈ ಕಛೇರಿಯಲ್ಲಿ ಟಾಪು ಬಿಚ್ಚುವ ಕಾರೊಂದಿದೆ. ಕೆಂಪು ಕಾರು, ಕಪ್ಪು ಬಟ್ಟೆಯ ಟಾಪು. ಗುಂಡಿ ಒತ್ತಿದರೆ ಟಾಪು ತಾನಾಗಿ ಎದ್ದು, ಮಡಿಸಿಕೊಂಡು, ಹಿಂದಿನ ಸೀಟಿನ ಬೆನ್ನಿಗೆ ಹೋಗಿ ಕೂರುತ್ತದೆ. ಇಂತಹ ಕಾರು ಈ ಕಛೇರಿಗೆ ಏಕೆ ಎಂದು ಆಗಾಗ ಕೇಳಲಾಗುತ್ತಿದೆ. ಯಾವುದೋ ಪ್ರಕರಣದಲ್ಲಿ ವಶಕ್ಕೆ ಬಂದಿತ್ತು, ಹಕ್ಕುದಾರರು ಬರಲಿಲ್ಲ, ಕಾರು ನಿಂತಿತು. ಕಾಲಕ್ರಮೇಣ ಪ್ರಶ್ನೆಯೂ ನಿಂತಿತು.

ಕಾರಿಗೆ ಕೆಲಸವಿಲ್ಲದ ಕಾರಣ ಅದಕ್ಕೊಂದು ಪದ್ಧತಿ ಬೆಳೆದಿರುತ್ತದೆ. ಕಛೇರಿಯಲ್ಲಿ ಯಾರು ನಿವೃತ್ತರಾದರೂ ಕಡೆಯ ದಿನ ಸಂಜೆ ಅವರಿಗೆ ಹಾರ ಹಾಕಿ, ಟಾಪು ಬಿಚ್ಚಿ, ಹಿಂದಿನ ಸೀಟಿನಲ್ಲಿ ಕೂರಿಸಿ, ದಾರಿಯುದ್ದಕ್ಕೂ ಹಾರ್ನ್ ಹೊಡೆಯುತ್ತ ಮನೆಗೆ ಬಿಟ್ಟು ಬರುವುದು. ಇದುವರೆಗೆ ಹತ್ತೊಂಬತ್ತು ಜನ ಹೀಗೆ ಹೋಗಿದ್ದಾರೆ. ಕುಂಸಿಗೆ ಇಬ್ಬರು, ಆಯನೂರಿಗೆ ಒಬ್ಬರು, ಉಳಿದವರು ಊರೊಳಗೇ. ಊರೊಳಗಿನವರನ್ನು ಮೂರು ಸುತ್ತು ಹಾಕಿಸಿ ಬಿಡಲಾಗಿದೆ, ಏಕೆಂದರೆ ಮನೆ ಬೇಗ ಬಂದುಬಿಡುತ್ತದೆ.

ಈ ಹತ್ತೊಂಬತ್ತು ಜನರ ಹಾರಗಳನ್ನೂ ಬೆಳಿಗ್ಗೆ ಹೋಗಿ ತಂದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಸಂಜೆವರೆಗೆ ಬಾಡದಂತೆ ಕಾದವರು ಶ್ರೀಮತಿ ಕಾಳಮ್ಮ. ವಾಸ ಭದ್ರಾವತಿಯ ಕಾಗದನಗರ, ಸೇವಾವಧಿ ಮೂವತ್ತೊಂದು ವರ್ಷ. ಕಾರನ್ನು ವಾರಕ್ಕೆರಡು ಸಲ ಒರೆಸುವವರೂ ಅವರೇ. ಅದರಲ್ಲಿ ಅವರು ಕೂತಿದ್ದು ಒಂದೇ ಸಲ, ಹೂಕುಂಡ ಜಾರದಂತೆ ಹಿಡಿದುಕೊಳ್ಳಲು. ಆಗ ಟಾಪು ಮುಚ್ಚಿತ್ತು.

ಸದರಿಯವರು ದಿನಾಂಕ 31-05-2025ರ ಸಂಜೆ ವಯೋನಿವೃತ್ತಿ ಹೊಂದುವವರಿದ್ದರು. ಅಂದು ಟಾಪು ಬಿಚ್ಚಿದ ಕಾರಿನಲ್ಲಿ ಕಾಗದನಗರದ ಗೇಟಿನೊಳಗೆ ಹೋಗಬೇಕೆಂಬುದು ಅವರ ಮನಸ್ಸಿನಲ್ಲಿತ್ತು. ಗೇಟಿನ ಪಕ್ಕದ ನಲ್ಲಿಯ ಹತ್ತಿರ ಅವರ ಓರಗಿತ್ತಿ ಹಾಲಮ್ಮ ಎಂಬುವರು ದಿನಾ ಸಂಜೆ ಕೊಡದೊಂದಿಗೆ ನಿಂತಿರುತ್ತಾರೆ. “ಆಫೀಸು ಆಫೀಸು ಅಂತೀಯ, ಅಲ್ಲಿ ಹೋಗಿ ಮಾಡೋದೇನು? ಕಸ ಗುಡಿಸೋದು ತಾನೆ? ಅದನ್ನ ಇಲ್ಲೇ ಗುಡಿಸು ಮಾರಾಯ್ತಿ, ಬಸ್ಸಿನ ಖರ್ಚು ಉಳಿಯತ್ತೆ” ಎಂದು ಹಾಲಮ್ಮ ಇಪ್ಪತ್ತು ವರ್ಷದಿಂದ ಹೇಳುತ್ತ ಬಂದಿರುತ್ತಾರೆ. ಕಾಳಮ್ಮ ಉತ್ತರ ಕೊಟ್ಟಿರುವುದಿಲ್ಲ. ಉತ್ತರವನ್ನು ಅವರು 31ನೇ ತಾರೀಕಿಗೆ ಇಟ್ಟುಕೊಂಡಿದ್ದರು. ಕಾರಿನಲ್ಲಿ ಬರುವುದು ದೊಡ್ಡದಲ್ಲ, ಟಾಪು ಬಿಚ್ಚಿರಬೇಕು. ಮುಚ್ಚಿದ ಕಾರಿನಲ್ಲಿ ಬಂದರೆ ಆಸ್ಪತ್ರೆಯಿಂದ ಬಂದಳೇನೋ ಎಂದುಕೊಳ್ಳುತ್ತಾರೆ ಎಂಬುದು ಅವರ ಯೋಚನೆಯಾಗಿತ್ತು.

ಈ ಯೋಚನೆಯನ್ನು ಸದರಿಯವರು ಅಧಿಕೃತವಾಗಿ ಯಾರಿಗೂ ತಿಳಿಸಿರುವುದಿಲ್ಲ. ಅದು ಕಡತದೊಳಗೆ ಹೇಗೆ ಸೇರಿತೆಂದು ವಿಷಯ ನಿರ್ವಾಹಕರಾದ ಪ್ರಥಮ ದರ್ಜೆ ಸಹಾಯಕಿ ಶ್ರೀಮತಿ ಸುಮನಾ ಇವರನ್ನು ವಿಚಾರಿಸಲಾಗಿ, “ಟಪ್ಪಾಲಿನಲ್ಲಿ ಬಂತು ಸಾರ್” ಎಂದಿರುತ್ತಾರೆ.

ಮೇಲ್ಕಂಡ ಹಿನ್ನೆಲೆಯಲ್ಲಿ, ಕಾರಿನ ಟಾಪಿಗೆ ಆಗಿರುವುದು ಮತ್ತೊಮ್ಮೆ ಆಗದಂತೆ, ಹಾಗೂ ಆಗಿರುವುದನ್ನು ಸರಿಪಡಿಸುವ ದಾರಿ ಸಿಗುವಂತೆ, ಕೆಳಕಂಡ ಸೂಚನೆಗಳನ್ನು ಎಲ್ಲರ ಗಮನಕ್ಕೆ ತರಲಾಗಿದೆ:

1. ಟಾಪು ಎಂದರೇನು. ದಾಸ್ತಾನು ವಹಿಯಲ್ಲಿ ಸದರಿ ಕಾರು ಬಾಗಿಲಿನ ಎತ್ತರದವರೆಗೆ ‘ವಾಹನ’ ಎಂದೂ, ಅದರಿಂದ ಮೇಲೆ ‘ಪರದೆ’ ಎಂದೂ ನಮೂದಾಗಿದೆ. ಬಟ್ಟೆಯ ಚಾವಣಿಗೆ ವಹಿಯಲ್ಲಿ ಪ್ರತ್ಯೇಕ ಕಾಲಂ ಇರಲಿಲ್ಲ. ಕಛೇರಿಯ ಕಿಟಕಿಗಳಿಗೆ ಹದಿನಾಲ್ಕು ಪರದೆಗಳಿದ್ದು, ಟಾಪು ಹದಿನೈದನೆಯದು. ಮುಂದೆ ಬರುವ ಎಲ್ಲ ಅನಾಹುತಗಳನ್ನೂ ಈ ನಮೂದಿನ ಬೆಳಕಿನಲ್ಲಿ ಓದಿಕೊಳ್ಳತಕ್ಕದ್ದು.

2. ಗಂಜಿ. ಮೇಲಿನ ಕಛೇರಿಯವರ ತಪಾಸಣೆ ಇದ್ದುದರಿಂದ, ‘ಕಛೇರಿಯಲ್ಲಿರುವ ಎಲ್ಲ ಬಟ್ಟೆಗಳನ್ನೂ ತೊಳೆದು ಗಂಜಿ ಹಾಕತಕ್ಕದ್ದು, ಯಾವುದನ್ನೂ ಬಿಡತಕ್ಕದ್ದಲ್ಲ’ ಎಂದು ಉಲ್ಲೇಖ (1)ರಲ್ಲಿ ಆದೇಶಿಸಲಾಗಿತ್ತು. ಅದರಂತೆ ಕಾಳಮ್ಮ ಕುರ್ಚಿಗಳ ಬೆನ್ನಿಗೆ ಹಾಕುವ ಬಿಳಿ ಟವೆಲು ಆರು, ಮೇಜಿನ ಹೊದಿಕೆ ಮೂರು, ಪರದೆ ಹದಿನಾಲ್ಕು ಮುಗಿಸಿ, ವಹಿ ನೋಡಿ, ಹದಿನೈದನೆಯದನ್ನು ಹುಡುಕಿಕೊಂಡು ಶೆಡ್ಡಿಗೆ ಹೋದರು.

ಅವರು ಟಾಪನ್ನು ಮೆತ್ತನೆಯ ಬ್ರಷ್ಷಿನಿಂದ, ನೇಯ್ಗೆಯ ಉದ್ದಕ್ಕೇ ಉಜ್ಜಿ, ತಣ್ಣೀರಿನಲ್ಲಿ ತೊಳೆದಿರುತ್ತಾರೆ. ಸೋಡಾ ಹಾಕಿಲ್ಲ, ಬ್ಲೀಚಿಂಗ್ ಪೌಡರ್ ಹಾಕಿಲ್ಲ. ಹಕ್ಕಿಯ ಹಿಕ್ಕೆಯನ್ನು ಕೆರೆಯದೆ ನೆನೆಸಿ ತೆಗೆದಿದ್ದಾರೆ. ಚಾವಣಿಯ ನೀರು ಇಳಿದುಹೋಗುವ ಸಣ್ಣ ತೂತುಗಳಲ್ಲಿ ಸಿಕ್ಕಿಕೊಂಡಿದ್ದ ಹೊಂಗೆ ಎಲೆಗಳನ್ನು ಹೇರ್‌ಪಿನ್ನಿನಿಂದ ಎಳೆದಿದ್ದಾರೆ. ಕಳೆದ ಮಳೆಗಾಲದಲ್ಲಿ ಹಿಂದಿನ ಸೀಟಿನಡಿ ನಿಂತಿದ್ದ ನೀರಿಗೆ ಈ ಎಲೆಗಳೇ ಕಾರಣವೆಂದು ಹೀಗೆ ತಿಳಿದುಬಂದಿದೆ. ಅಲ್ಲಿಯವರೆಗೆ ಅದನ್ನು ಕಛೇರಿಯ ಪೈಪಿನ ಸೋರಿಕೆ ಎಂದು ಭಾವಿಸಿ ಎರಡು ಸಲ ಪ್ಲಂಬರನ್ನು ಕರೆಸಲಾಗಿತ್ತು. ಇದಿಷ್ಟೂ ಸರಿಯಾದ ಕ್ರಮವಾಗಿದ್ದು, ಮುಂದೆಯೂ ಪಾಲಿಸತಕ್ಕದ್ದು.

ಆನಂತರ ಅವರು ಗಂಜಿ ಹಾಕಿದರು. ಪರದೆಗಳಿಗೆ ಅನ್ನದ ಗಂಜಿಯಾದರೆ ಟಾಪಿಗೆ ಸಾಬಕ್ಕಿ ಗಂಜಿ. ಮನೆಯಲ್ಲಿ ಒಳ್ಳೆಯ ಕಾಟನ್ ಸೀರೆಗೆ ಹಾಕುವ ಹಾಗೆ ಗಂಟಿಲ್ಲದಂತೆ ಕಾಯಿಸಿ, ಸೋಸಿ, ಎರಡು ಸಲ ಬಳಿದು, ಸುಕ್ಕು ಬರದಂತೆ ಅಂಗೈಯಿಂದ ಎಳೆದಿರುತ್ತಾರೆ. ತಾನು ಅದರಲ್ಲಿ ಹೋಗುವ ದಿನ ಹತ್ತಿರ ಬರುತ್ತಿದೆ, ಟಾಪು ನೆಟ್ಟಗೆ ಕಾಣಲಿ ಎಂಬ ಆಸೆಯೂ ಆ ಗಂಜಿಯಲ್ಲಿತ್ತು. ಅದರ ಪ್ರಮಾಣವನ್ನು ಅಳೆಯಲು ಸಾಧ್ಯವಾಗಿರುವುದಿಲ್ಲ.

ಆದುದರಿಂದ ಅಕ್ಕಿ, ಸಾಬಕ್ಕಿ, ಮೈದಾ, ರಾಗಿ, ಗೆಣಸು ಅಥವಾ ಬೇಯಿಸಿದರೆ ಅಂಟಾಗುವ ಯಾವುದೇ ಪದಾರ್ಥವನ್ನು ವಾಹನದ ಯಾವುದೇ ಭಾಗಕ್ಕೆ ಹಾಕುವುದನ್ನು ನಿಷೇಧಿಸಲಾಗಿದೆ. ವಾಹನದೊಳಗೆ ಕೂತು ಗಂಜಿ ಕುಡಿಯುವುದಕ್ಕೆ ಇದು ಅನ್ವಯಿಸುವುದಿಲ್ಲ.

3. ಗುಂಡಿ. ಟಾಪು ಒಣಗಿದ ಮೇಲೆ ವಾಹನ ಚಾಲಕ ಶ್ರೀ ಹೂವಪ್ಪ ಗುಂಡಿ ಒತ್ತಿದರು. ಟಾಪು ಒಂದು ಗೇಣು ಎದ್ದು, ಊಟಕ್ಕೇಳಬೇಕೆಂದು ಎದ್ದವರಿಗೆ ಏನೋ ನೆನಪಾದಂತೆ ಅಲ್ಲೇ ನಿಂತಿತು. ಹೂವಪ್ಪ ಬೆರಳಿನಿಂದ ತಟ್ಟಿ ನೋಡಿದಾಗ ಟಣ್ ಎಂದಿತು. “ಇದು ಟಾಪಲ್ಲ ಸಾರ್, ಹಪ್ಪಳ. ಮಡಚಕ್ಕೆ ಹೋದ್ರೆ ಮುರಿಯತ್ತೆ” ಎಂದು ಅವರು ವರದಿ ಮಾಡಿದ್ದಾರೆ.

ಹೂವಪ್ಪ ಸರಿಯಾಗಿ ಒತ್ತಿರಲಾರರೆಂದು ಅಧೀಕ್ಷಕರು ಒತ್ತಿದರು. ಅಧೀಕ್ಷಕರು ಸರಿಯಾಗಿ ಒತ್ತಿರಲಾರರೆಂದು ಲೆಕ್ಕ ಶಾಖೆಯವರು ಒತ್ತಿದರು. ಹೀಗೆ ಏಳು ಜನ ಒತ್ತಿ, ಎಂಟನೆಯವರಾಗಿ ಕೆಳಗೆ ಸಹಿ ಮಾಡಿರುವವರು ಒತ್ತಿದಾಗ ಫ್ಯೂಸು ಹೋಯಿತು. ಅದನ್ನು ಹೂವಪ್ಪ ಅದೇ ದಿನ ಬದಲಾಯಿಸಿದರಾದರೂ, ಇನ್ನು ಮುಂದೆ ಗುಂಡಿಯನ್ನು ಸೇವಾ ಹಿರಿತನದ ಪ್ರಕಾರ ಒತ್ತತಕ್ಕದ್ದು. ಕಿರಿಯರು ಒತ್ತಿದಾಗ ಟಾಪು ತೆರೆದುಕೊಂಡರೆ ಅದನ್ನು ಮುಚ್ಚಿ, ಹಿರಿಯರಿಂದ ಪುನಃ ಒತ್ತಿಸತಕ್ಕದ್ದು.

4. ಕಾರಣ ಕೇಳುವುದು. ಟಾಪಿಗೆ ಗಂಜಿ ಹಾಕಿದ್ದೇಕೆ ಎಂದು ಕಾಳಮ್ಮ ಇವರಿಗೆ ಉಲ್ಲೇಖ (2)ರಂತೆ ನೋಟಿಸ್ ನೀಡಲಾಯಿತು. ನೋಟಿಸನ್ನು ಜಾರಿ ಮಾಡಬೇಕಾದವರು ಡಿ ಗ್ರೂಪ್ ನೌಕರರು. ಕಛೇರಿಯಲ್ಲಿರುವ ಡಿ ಗ್ರೂಪ್ ನೌಕರರು ಅವರೊಬ್ಬರೇ. ಆದ್ದರಿಂದ ಅವರೇ ತಮಗೆ ನೋಟಿಸ್ ಕೊಟ್ಟುಕೊಂಡು, ತಾವೇ ಸಹಿ ಪಡೆದು, ಸ್ವೀಕೃತಿಯನ್ನು ಶ್ರೀಮತಿ ಸುಮನಾ ಇವರ ಟೇಬಲ್ಲಿಗೆ ತಂದಿಟ್ಟರು.

ಮರುದಿನ ಟೀ ಕೊಡುವಾಗ ಅವರು ಕೊಟ್ಟ ಉತ್ತರ ಹೀಗಿದೆ: “ನೀವೇ ಬರ್ದಿದ್ದಲ್ವಾ ಸಾರ್, ಎಲ್ಲ ಬಟ್ಟೆ, ಯಾವ್ದೂ ಬಿಡ್ಬಾರ್ದು ಅಂತ? ನಾನು ಮುಟ್ಟಿ ನೋಡ್ದೆ. ಬಟ್ಟೆ ಅನ್ನಿಸ್ತು. ತಗಡಾಗಿದ್ರೆ ಬಿಟ್ಟು ಬರ್ತಿದ್ದೆ.” ಈ ಉತ್ತರದಲ್ಲಿ ತಪ್ಪು ಕಂಡುಬರದೇ ಇರುವುದರಿಂದ ಅದನ್ನು ಕಾಯ್ದಿರಿಸಲಾಗಿದೆ.

5. ಹಸು. ದಿನಾಂಕ 21-05-2025ರಂದು ಬೀದಿಯ ಹಸುವೊಂದು ಶೆಡ್ಡಿಗೆ ಬಂದು ಟಾಪಿನ ಎಡ ಮೂಲೆಯನ್ನು ಅರ್ಧ ಗಂಟೆ ನೆಕ್ಕಿರುತ್ತದೆ. ಪಂಚರ ಸಮಕ್ಷಮ ಮಹಜರು ಮಾಡಲಾಗಿ, ನೆಕ್ಕಿದ ಭಾಗವು ಮೊದಲಿನಂತೆ ಮೆತ್ತಗಾಗಿ ಮಡಿಸಲು ಬರುತ್ತಿತ್ತೆಂದು ದಾಖಲಾಗಿದೆ. ಇದರ ಅರ್ಥವೇನೆಂದು ಪಂಚರಲ್ಲಿ ಯಾರೂ ಯೋಚಿಸಲಿಲ್ಲ. ಹಸುವನ್ನು ಓಡಿಸಲು ಪೊರಕೆ ಹಿಡಿದು ಬಂದಿದ್ದ ಕಾಳಮ್ಮ ಮಾತ್ರ ಪೊರಕೆ ಕೆಳಗಿಟ್ಟು, ಒಂದು ಗಳಿಗೆ ನಿಂತು ನೋಡಿ, ನಕ್ಕಿರುತ್ತಾರೆ. ಏಕೆ ನಕ್ಕರೆಂದು ಮಹಜರಿನಲ್ಲಿ ಕೇಳಿರುವುದಿಲ್ಲ.

ಹಸುವನ್ನು ದಿನಕ್ಕೊಂದು ಮೂಲೆಯಂತೆ ಕರೆತರುವ ಸಲಹೆ ಲೆಕ್ಕ ಶಾಖೆಯಿಂದ ಬಂದಿತ್ತು. ಆದರೆ ಹಸು ಮಾರನೆಯ ದಿನ ಬರಲಿಲ್ಲ. ಬರಬೇಕೆಂದು ಒತ್ತಾಯಿಸಲು ಅದು ನಮ್ಮ ಅಧೀನ ನೌಕರರಲ್ಲ. ಆದ್ದರಿಂದ ಹಸುವಿನ ನಾಲಿಗೆಯನ್ನು ದುರಸ್ತಿ ಸಾಧನವೆಂದು ಪರಿಗಣಿಸತಕ್ಕದ್ದಲ್ಲ.

6. ಕುಶನ್ ಅಂಗಡಿ. ಕಾರನ್ನು ಭದ್ರಾವತಿಗೆ ಕೊಂಡೊಯ್ದು ಶ್ರೀ ವೀರೇಂದ್ರ ಇವರಿಗೆ ತೋರಿಸಲಾಯಿತು. ಅವರು ಆಟೋ, ಜೀಪುಗಳ ಟಾಪು ಹೊಲಿಯುವುದರಲ್ಲಿ ನುರಿತವರು. ಟಾಪನ್ನು ಒಳಗೂ ಹೊರಗೂ ನೋಡಿ ಅವರು ಹೇಳಿದ್ದನ್ನು ಸಿಬ್ಬಂದಿಯ ತಿಳಿವಳಿಕೆಗಾಗಿ ಕೆಳಗೆ ಕೊಡಲಾಗಿದೆ:

(ಅ) ಹಿಂದಿನ ಪ್ಲಾಸ್ಟಿಕ್ ಕಿಟಕಿ ಮಂಜಾಗಿದ್ದರೆ ಟೂತ್‌ಪೇಸ್ಟ್ ಹಚ್ಚಿ ಹತ್ತಿಯಿಂದ ಮೆಲ್ಲಗೆ ಉಜ್ಜಬಹುದು. ಯಾವ ಟೂತ್‌ಪೇಸ್ಟ್ ಎಂಬ ಬಗ್ಗೆ ಕಛೇರಿಯಲ್ಲಿ ಎರಡು ಗುಂಪುಗಳಾಗಿದ್ದು, ಕಿಟಕಿಯನ್ನು ಅರ್ಧರ್ಧ ಹಂಚಲಾಗಿದೆ.

(ಆ) ಅಂಚಿನ ರಬ್ಬರಿಗೆ ಕೊಬ್ಬರಿ ಎಣ್ಣೆ ಹಾಕಬಾರದು, ರಬ್ಬರು ಉಬ್ಬುತ್ತದೆ. ಮುಖಕ್ಕೆ ಹಾಕುವ ಪೌಡರ್ ಸಾಕು. ಪೌಡರನ್ನು ಇನ್ನು ಮುಂದೆ ವಾಹನದ ಬಿಡಿಭಾಗವೆಂದು ಪರಿಗಣಿಸತಕ್ಕದ್ದು. ಯಾವುದೇ ಸಿಬ್ಬಂದಿಯ ಮುಖದಲ್ಲಿ ಅದು ಕಂಡುಬಂದಲ್ಲಿ ವಿವರಣೆ ಪಡೆಯಲಾಗುವುದು.

(ಇ) ಹೊಲಿಗೆ ಬಿಟ್ಟ ಕಡೆ ಕೂಡಲೇ ಹೊಲಿಸಬೇಕು. ಬಲ ಮೂಲೆಯಲ್ಲಿ ಬಿಟ್ಟಿದ್ದ ನಾಲ್ಕು ಬೆರಳನ್ನು ಅವರು ಶಾಲಾ ಚೀಲದ ನೀಲಿ ಬಟ್ಟೆ ಕೊಟ್ಟು ಹೊಲಿದಿದ್ದಾರೆ. ಕಪ್ಪು ಬಟ್ಟೆ ಇರಲಿಲ್ಲವೇ ಎಂದು ಕೇಳಲಾಗಿ, “ಇತ್ತು. ಆದ್ರೆ ಕಪ್ಪಲ್ಲಿ ಹೊಲ್ದ್ರೆ ಹೊಲ್ದಿದ್ದು ಕಾಣ್ಸಲ್ವಲ್ಲ” ಎಂದಿರುತ್ತಾರೆ.

(ಈ) ಗಂಜಿಯ ವಿಷಯ. “ಇದು ನನ್ನ ಕೆಲ್ಸ ಅಲ್ಲ ಮಾರಾಯ್ರೆ. ಹಾಕಿದ್ಯಾರೋ ಅವ್ರನ್ನೇ ಕೇಳಿ. ಹಾಕಿದ ಕೈಗೆ ತೆಗೆಯಕ್ಕೂ ಗೊತ್ತಿರತ್ತೆ” ಎಂದು ರಟ್ಟಿನ ಮೇಲೆ ಬರೆದು ಕೊಟ್ಟಿರುತ್ತಾರೆ. ಆದರೆ ಹಾಕಿದವರು ಆಪಾದಿತರು. ಆಪಾದಿತರಿಂದ ಸಲಹೆ ಪಡೆಯಲು ನಿಯಮಗಳಲ್ಲಿ ಅವಕಾಶವಿಲ್ಲದ ಕಾರಣ ರಟ್ಟನ್ನು ಕಡತಕ್ಕೆ ಸೇರಿಸಲಾಗಿದೆ. ರಟ್ಟು ಸೇರಿದ ಮೇಲೆ ಕಡತ ಮುಚ್ಚುತ್ತಿಲ್ಲ.

7. ಸಮಿತಿ. ಮೂವರು ಸದಸ್ಯರ ಸಮಿತಿಯು ದಿನಾಂಕ 22ರಿಂದ 28ರವರೆಗೆ ನಾಲ್ಕು ಸಲ ಸೇರಿತು. ನಾಲ್ಕು ಸಲವೂ ಕಾಳಮ್ಮ ಟೀ ತಂದರು. ಟ್ರೇ ಖಾಲಿಯಾದ ಮೇಲೂ ಬಾಗಿಲ ಬಳಿ ತುಸು ಹೊತ್ತು ನಿಂತಿರುತ್ತಿದ್ದರು. ಅವರ ನಾಲಿಗೆಯ ತುದಿಯಲ್ಲಿ ಒಂದು ವಾಕ್ಯವಿತ್ತು. ಚಿಕ್ಕ ವಾಕ್ಯ, ಒಂದು ಚೊಂಬಿನಷ್ಟು. ಮೊದಲ ದಿನ ಸಮಿತಿಯವರು “ಸಕ್ಕರೆ ಜಾಸ್ತಿಯಾಯ್ತು ಕಾಳಮ್ಮ” ಎಂದರು. ಎರಡನೇ ದಿನ “ಫ್ಯಾನ್ ಹಾಕು” ಎಂದರು. ಮೂರನೇ ದಿನ “ಬಾಗಿಲು ಮುಂದ್ಮಾಡ್ಕೊಂಡು ಹೋಗು” ಎಂದರು. ನಾಲ್ಕನೇ ದಿನ ಯಾರೂ ತಲೆ ಎತ್ತಲಿಲ್ಲ.

ಕೇಳದೆಯೂ ಹೇಳಬಹುದಿತ್ತಲ್ಲ ಎಂಬ ಪ್ರಶ್ನೆ ಏಳಬಹುದು. ಕಾಳಮ್ಮ ಇದನ್ನು ಬಸ್ಸಿನಲ್ಲಿ ಯೋಚಿಸಿದ್ದಾರೆ. ಮೂವತ್ತೊಂದು ವರ್ಷದಲ್ಲಿ ಅವರು ಹೇಳಿದ್ದು ಕಡಿಮೆಯೇನಲ್ಲ. ಪೈಪು ಸೋರುತ್ತಿಲ್ಲ, ಕಾರಿನ ತೂತು ಕಟ್ಟಿದೆ ಎಂದು ಹೋದ ವರ್ಷವೇ ಹೇಳಿದ್ದರು; ಪ್ಲಂಬರ್ ಬಂದ. ಕೇಳದೆ ಹೇಳಿದ ಮಾತು ಕಸದ ಬುಟ್ಟಿಗೆ ಹೋಗುತ್ತದೆಂಬುದು, ಆ ಬುಟ್ಟಿಯನ್ನು ದಿನಾ ಖಾಲಿ ಮಾಡುವವರಿಗೆ ಗೊತ್ತಿರುತ್ತದೆ. ಈ ಸಲ ಕೇಳಲಿ, ಆಮೇಲೆ ಹೇಳುತ್ತೇನೆ ಎಂದು ನಿಶ್ಚಯಿಸಿದರು. ಕೇಳದಿದ್ದರೆ ಮುಚ್ಚಿದ ಕಾರಿನಲ್ಲೇ ಹೋಗಬೇಕಾಗುತ್ತದೆ ಎಂಬುದೂ ಅವರಿಗೆ ಗೊತ್ತಿತ್ತು. ಆ ವಾರ ಅವರ ಟೀಯಲ್ಲಿ ಸಕ್ಕರೆ ಏರುಪೇರಾಗಿದ್ದಕ್ಕೆ ಇದೇ ಕಾರಣವೆಂದು ಈಗ ತಿಳಿದುಬಂದಿದೆ. (ಇದೂ ಟಪ್ಪಾಲಿನಲ್ಲಿ ಬಂದಿರುತ್ತದೆ.)

ಸಮಿತಿಯ ಶಿಫಾರಸು ಕೆಳಕಂಡಂತಿದೆ: ‘ನಿವೃತ್ತರ ಪಯಣದ ದಿನ ಟಾಪು ಮುಚ್ಚಿದ್ದರೂ ತೆರೆದಿದೆಯೆಂದೇ ಭಾವಿಸತಕ್ಕದ್ದು. ದಾರಿಯಲ್ಲಿ ನೋಡುವ ಸಾರ್ವಜನಿಕರಿಗೂ ಹಾಗೆಯೇ ಭಾವಿಸಲು ಧ್ವನಿವರ್ಧಕದ ಮೂಲಕ ತಿಳಿಸತಕ್ಕದ್ದು. ನಿವೃತ್ತರು ಗಾಳಿ ಬೀಸುತ್ತಿರುವವರಂತೆ ಆಗಾಗ ಕೂದಲು ಸರಿಪಡಿಸಿಕೊಳ್ಳತಕ್ಕದ್ದು.’ ಶಿಫಾರಸನ್ನು ಒಪ್ಪಲಾಗಿತ್ತು.

8. ನೀರು. ಕಾರಿನ ಜೊತೆ ಬಂದ ಪುಸ್ತಕದಲ್ಲಿ, ಬಟ್ಟೆ ಟಾಪನ್ನು ಒದ್ದೆಯಿದ್ದಾಗ ಮಡಿಸಬಾರದು, ಬೂಷ್ಟು ಹಿಡಿದು ಬಟ್ಟೆ ಕೊಳೆಯುತ್ತದೆ ಎಂದಿದೆ. ಆದ್ದರಿಂದ ಟಾಪಿನಿಂದ ಹತ್ತು ಮಾರು ದೂರದೊಳಗೆ ನೀರು ತರುವುದನ್ನು ದಿನಾಂಕ 29ರಂದು ನಿಷೇಧಿಸಲಾಯಿತು. ಈ ನಿಷೇಧದ ದೆಸೆಯಿಂದ ಹೂವಪ್ಪ ಎರಡು ದಿನ ಮುಖ ತೊಳೆಯಲು ಬಸ್ ನಿಲ್ದಾಣಕ್ಕೆ ಹೋಗಿ ಬಂದಿದ್ದಾರೆ.

9. ದಿನಾಂಕ 31-05-2025, ಸಂಜೆ 4-40. ಹಾರ ಬಂದಿತ್ತು. ಅದನ್ನು ತಂದವರೂ ಕಾಳಮ್ಮನೇ, ಏಕೆಂದರೆ ಹಾರ ತರುವುದು ಅವರ ಕೆಲಸ, ಈ ಸಲ ಬೇರೆಯವರು ತರಬೇಕಿತ್ತೆಂದು ಯಾರಿಗೂ ಹೊಳೆಯಲಿಲ್ಲ. ಅಂಗಡಿಯವನು ಯಾರಿಗಮ್ಮ ಹಾರ ಎಂದಾಗ “ನಮ್ಮ ಆಫೀಸಲ್ಲಿ ಒಬ್ರು ರಿಟೈರಾಗ್ತಿದಾರೆ” ಎಂದಷ್ಟೇ ಹೇಳಿ, ಸುಗಂಧರಾಜ ಸ್ವಲ್ಪ ಹೆಚ್ಚಿಗೆ ಹಾಕಿಸಿಕೊಂಡಿದ್ದರು.

ಕಾರು ಅಂಗಳದಲ್ಲಿತ್ತು. ಟಾಪು ಅಂಗಳದ ನಡುವೆ ಹೊಸ ರಟ್ಟಿನ ಪೆಟ್ಟಿಗೆಯ ಹಾಗೆ ನಿಂತಿತ್ತು. ಸಿಬ್ಬಂದಿಯೆಲ್ಲ ಧ್ವನಿವರ್ಧಕ ತರಲು ಹೋಗಿದ್ದರು. ಕೆಳಗೆ ಸಹಿ ಮಾಡಿರುವವರು ಕಾರಿಗೆ ಒಂದು ಸುತ್ತು ಬಂದು, ತಮ್ಮಷ್ಟಕ್ಕೆ ತಾವೇ “ಏನ್ ಮಾಡಣ ಈಗ?” ಎಂದರು. ಅಲ್ಲಿ ಬೇರೆ ಯಾರೂ ಇರಲಿಲ್ಲ. ಹಾರದ ಒದ್ದೆ ಬಟ್ಟೆ ಕೈಯಲ್ಲಿ ಹಿಡಿದು ಕಾಳಮ್ಮ ನಿಂತಿದ್ದರು. ಆಗ ನಡೆದ ಮಾತುಕತೆಯನ್ನು ಯಥಾವತ್ತಾಗಿ ಇಲ್ಲಿ ನಮೂದಿಸಲಾಗಿದೆ:

“ಕೇಳಿದ್ರಾ ಸಾರ್?”
“ಏನು?”
“ಏನ್ ಮಾಡಣ ಅಂತ. ನನ್ನ ಕೇಳಿದ್ರಾ?”
“ಹೂಂ ಅಂತ ಅನ್ಕೊ.”
“ಅನ್ಕೊಳ್ಳೋದು ಬೇಡ ಸಾರ್. ಕೇಳಿದ್ರೋ, ಇಲ್ವೋ?”
“ಕೇಳ್ದೆ ಕಾಳಮ್ಮ.”
“ಹಂಗಾದ್ರೆ ಒಂದು ಚೊಂಬು ನೀರು ತನ್ನಿ.”

ನೀರು ತರುವುದು ಡಿ ಗ್ರೂಪ್ ನೌಕರರ ಕರ್ತವ್ಯ. ಆದರೆ ಡಿ ಗ್ರೂಪ್ ನೌಕರರೇ ತರಲು ಹೇಳಿದಾಗ ಯಾರು ತರಬೇಕೆಂಬ ಬಗ್ಗೆ ನಿಯಮಗಳು ಮೌನವಾಗಿವೆ. ಕೆಳಗೆ ಸಹಿ ಮಾಡಿರುವವರು ತಂದರು. ನಲ್ಲಿ ಎಲ್ಲಿದೆಯೆಂದು ಹುಡುಕಲು ಆರು ನಿಮಿಷವಾಯಿತು.

10. ಹದ. ಕಾಳಮ್ಮ ನೀರನ್ನು ಬೊಗಸೆಯಿಂದ ಅಲ್ಲ, ಬೆರಳ ತುದಿಯಿಂದ, ಇಸ್ತ್ರಿಗೆ ಮೊದಲು ಸೀರೆಗೆ ಚಿಮುಕಿಸುವ ಹಾಗೆ ಟಾಪಿನ ಮೇಲೆಲ್ಲ ಚಿಮುಕಿಸಿದರು. ಮಡಿಕೆ ಬೀಳುವ ಜಾಗಗಳ ಮೇಲೆ ಹಾರದ ಒದ್ದೆ ಬಟ್ಟೆ ಹಾಸಿದರು. ನಂತರ ಮೆಟ್ಟಿಲ ಮೇಲೆ ಕೂತರು. ಈಗೇನು ಎಂದು ಕೇಳಲಾಗಿ, “ಕಾಯ್ಬೇಕು” ಎಂದರು. 5-15ಕ್ಕೆ ಎದ್ದು, ಟಾಪಿನ ಮೇಲೆ ಮುಂಗೈ ಇಟ್ಟು ನೋಡಿ, ಹಿರಿತನದ ನಿಯಮವನ್ನು ಕೇಳದೆ ತಾವೇ ಗುಂಡಿ ಒತ್ತಿದರು. ಟಾಪು ಎದ್ದಿತು, ಮಡಿಸಿಕೊಂಡಿತು, ಹಿಂದಕ್ಕೆ ಹೋಗಿ ಕೂತಿತು. ಧ್ವನಿವರ್ಧಕ ಹೊತ್ತು ತಂದವರು ಅದನ್ನು ಹೊತ್ತುಕೊಂಡೇ ಚಪ್ಪಾಳೆ ತಟ್ಟಲು ಪ್ರಯತ್ನಿಸಿದ್ದರಿಂದ ಧ್ವನಿವರ್ಧಕಕ್ಕೆ ಹಾನಿಯಾಗಿದೆ.

ಒದ್ದೆಯಿದ್ದಾಗ ಮಡಿಸಬಾರದು ಎಂಬುದಕ್ಕೂ ಒಣಗಿದ್ದಾಗ ಮಡಿಸಲು ಬಾರದು ಎಂಬುದಕ್ಕೂ ನಡುವೆ ‘ಹದ’ ಎಂಬ ಸ್ಥಿತಿಯೊಂದಿದೆ ಎಂದು ಈ ಮೂಲಕ ಒಪ್ಪಿಕೊಳ್ಳಲಾಗಿದೆ. ಅದರ ಲಕ್ಷಣವನ್ನು ಕಾಳಮ್ಮ ಹೀಗೆ ಹೇಳಿದ್ದಾರೆ: “ಮುಂಗೈಗೆ ತಂಪು ತಾಗ್ಬೇಕು, ಒದ್ದೆ ಅಂಟ್ಬಾರ್ದು.” ಕೆಳಗೆ ಸಹಿ ಮಾಡಿರುವವರು ತಮ್ಮ ಮುಂಗೈ ಇಟ್ಟು ನೋಡಿದಾಗ ಏನೂ ತಿಳಿಯಲಿಲ್ಲ. ಆದ್ದರಿಂದ ಹದವನ್ನು ನಿರ್ಧರಿಸುವ ಸಕ್ಷಮ ಪ್ರಾಧಿಕಾರಿಯಾಗಿ ಶ್ರೀಮತಿ ಕಾಳಮ್ಮ ಇವರನ್ನು ಅದೇ ದಿನ ಸಂಜೆ 5-20ಕ್ಕೆ ನೇಮಿಸಲಾಯಿತು. ಸದರಿಯವರು 5-30ಕ್ಕೆ ನಿವೃತ್ತರಾದರು.

11. ಪಯಣ. ಹಾರ ಹಾಕಿ, ಹಿಂದಿನ ಸೀಟಿನಲ್ಲಿ ಕೂರಿಸಿ, ಹೂವಪ್ಪ ಹಾರ್ನ್ ಹೊಡೆಯುತ್ತ ಭದ್ರಾವತಿಯ ದಾರಿ ಹಿಡಿದರು. ಊರು ದಾಟುವವರೆಗೆ ಕಾಳಮ್ಮ ಸೀಟಿನ ಅಂಚಿನಲ್ಲಿ, ಹೂಕುಂಡ ಹಿಡಿದವರ ಹಾಗೆಯೇ ಕೂತಿದ್ದರು. ಊರು ದಾಟಿದ ಮೇಲೆ ಹಿಂದಕ್ಕೆ ಒರಗಿದರು. ಪಕ್ಕದಲ್ಲಿ ಹಾದುಹೋದ ಲಾರಿಯ ಗಾಳಿಗೆ ಸೆರಗು ಮುಂದಕ್ಕೆ ಹಾರಿ ಹೂವಪ್ಪನವರ ಮುಖ ಮುಚ್ಚಿದ್ದರಿಂದ ಕಾರು ಒಮ್ಮೆ ರಸ್ತೆ ಬಿಟ್ಟು ಇಳಿದಿದೆ. ಇನ್ನು ಮುಂದೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳತಕ್ಕದ್ದು. ಸೆರಗಿಲ್ಲದವರು ಏನನ್ನಾದರೂ ಸಿಕ್ಕಿಸಿಕೊಳ್ಳತಕ್ಕದ್ದು.

ಕಾಗದನಗರದ ಗೇಟಿನಲ್ಲಿ ಹಾಲಮ್ಮ ಕೊಡದೊಂದಿಗೆ ನಿಂತಿದ್ದರು. ಕಾರು ನೋಡಿ ಕೊಡ ಕೆಳಗಿಟ್ಟು, ಒಂದು ಸುತ್ತು ಬಂದು, “ಏನೇ ಕಾಳಿ, ಮೂವತ್ತು ವರ್ಷ ಗೇಯ್ದಿದ್ದಕ್ಕೆ ಚಾವಣಿ ಇರೋ ಕಾರು ಸಿಗ್ಲಿಲ್ವಾ ನಿಂಗೆ?” ಎಂದರು. ಕಾಳಮ್ಮ ಇಪ್ಪತ್ತು ವರ್ಷದಿಂದ ಇಟ್ಟುಕೊಂಡಿದ್ದ ಉತ್ತರ ಆ ಹೊತ್ತಿಗೆ ಮರೆತುಹೋಯಿತು. ನಗು ಮಾತ್ರ ಬಂತು. “ಹತ್ತೇ ಮಾರಾಯ್ತಿ, ಒಂದು ರೌಂಡ್ ಹೋಗಿ ಬರಣ” ಎಂದರು. ಹಾಲಮ್ಮ ಕೊಡದ ಸಮೇತ ಹತ್ತಿದರು. ಒಂದು ರೌಂಡ್ ಎಂದದ್ದು ನಾಲ್ಕಾಗಿದೆ. ಹೆಚ್ಚುವರಿ ಮೂರನ್ನು ವಾಹನದ ದಿನಚರಿಯಲ್ಲಿ ‘ಟಾಪು ಒಣಗಿಸಲು’ ಎಂದು ಬರೆಯಲಾಗಿದೆ.

12. ಸದ್ಯದ ಸ್ಥಿತಿ. ಕಾರಿನಿಂದಿಳಿಯುವಾಗ ಕಾಳಮ್ಮ “ಈಗ್ಲೇ ಟಾಪ್ ಎತ್ತಿ ಒಣಗಿಸ್ಬೇಕು ಹೂವಪ್ಪ, ಇಲ್ದಿದ್ರೆ ಗಂಜಿ ಮಡಿಕೇಲೇ ಗಟ್ಟಿಯಾಗತ್ತೆ” ಎಂದಿದ್ದರು. ಆದರೆ ಆಗ 5-30 ದಾಟಿದ್ದು, ನಿವೃತ್ತರ ಸಲಹೆಯನ್ನು ಸ್ವೀಕರಿಸಲು ಅವಕಾಶವಿಲ್ಲವೆಂದು ಹೂವಪ್ಪ ಹೋಳಿಗೆ ಊಟಕ್ಕೆ ಕೂತರು. ಊಟ ಮುಗಿಸಿ ಗುಂಡಿ ಒತ್ತಿದಾಗ ಟಾಪು ಏಳಲಿಲ್ಲ. ತಟ್ಟಿದರೆ ಟಣ್ ಎಂದಿತು. ನಿವೃತ್ತರಿಲ್ಲದೆ ಟಾಪು ಬಿಚ್ಚಿದ ಕಾರನ್ನು ಓಡಿಸುವ ಪದ್ಧತಿ ಇಲ್ಲದ ಕಾರಣ ಹೂವಪ್ಪ ಬಸ್ಸಿನಲ್ಲಿ ವಾಪಸಾದರು.

ಸದರಿ ಕಾರು ಶನಿವಾರದಿಂದ ಕಾಳಮ್ಮನವರ ಮನೆಯ ಮುಂದೆ ತೆರೆದುಕೊಂಡು ನಿಂತಿದೆ. ಹಿಂದಿನ ಸೀಟಿನಲ್ಲಿ ಸಂಜೆ ಹೊತ್ತು ಕಾಳಮ್ಮ ಮತ್ತು ಹಾಲಮ್ಮ ಕೂತು ಮಾತಾಡುತ್ತಿರುತ್ತಾರೆಂದು ವರದಿಯಾಗಿದೆ. ಮಳೆಗಾಲ ಹತ್ತಿರ ಬಂದಿದೆ.

13. ಕ್ರಮ. ಆದ್ದರಿಂದ ಕೆಳಗೆ ಸಹಿ ಮಾಡಿರುವವರು ನಾಳೆ ಖುದ್ದಾಗಿ ಕಾಗದನಗರಕ್ಕೆ ತೆರಳತಕ್ಕದ್ದು. ತೆರಳಿ:

(ಅ) ಬಾಗಿಲ ಹೊರಗೆ ನಿಂತು, ಕರೆಯುವವರೆಗೆ ಕಾಯತಕ್ಕದ್ದು.

(ಆ) ‘ಕಾಳಮ್ಮ’ ಎನ್ನದೆ ‘ಕಾಳಮ್ಮನವರೇ’ ಎನ್ನತಕ್ಕದ್ದು. ‘ಬಾ, ಹೋಗು, ಫ್ಯಾನ್ ಹಾಕು’ ಎಂಬ ಪದಗಳನ್ನು ಬಳಸತಕ್ಕದ್ದಲ್ಲ.

(ಇ) ಏನು ಮಾಡಬೇಕೆಂದು ತಮ್ಮಷ್ಟಕ್ಕೆ ತಾವು ಹೇಳಿಕೊಳ್ಳದೆ, ಅವರ ಮುಖ ನೋಡಿ ಕೇಳತಕ್ಕದ್ದು. ಉತ್ತರ ಮುಗಿಯುವವರೆಗೆ ನಡುವೆ ಬಾಯಿ ಹಾಕತಕ್ಕದ್ದಲ್ಲ.

(ಈ) ನೀರನ್ನು ತಾವೇ ಒಯ್ಯತಕ್ಕದ್ದು.

(ಉ) ಫ್ಲಾಸ್ಕಿನಲ್ಲಿ ಟೀ ಒಯ್ಯತಕ್ಕದ್ದು. ಆದರೆ ಸದರಿಯವರು ಟೀಗೆ ಎಷ್ಟು ಸಕ್ಕರೆ ಹಾಕಿಕೊಳ್ಳುತ್ತಾರೆ ಎಂಬ ಮಾಹಿತಿ ಮೂವತ್ತೊಂದು ವರ್ಷದ ಸೇವಾ ಪುಸ್ತಕದಲ್ಲಿ ಎಲ್ಲಿಯೂ ಲಭ್ಯವಿರುವುದಿಲ್ಲ. ಮಾಹಿತಿ ಉಳ್ಳವರು ಇಂದು ಸಂಜೆಯೊಳಗೆ ಲಿಖಿತವಾಗಿ ಸಲ್ಲಿಸುವುದು.

ಸಹಿ/-
(ರುದ್ರೇಶ್)
ಸಹಾಯಕ ನಿರ್ದೇಶಕರು
ಹಾಗೂ ಗುಂಡಿ ಒತ್ತಿದ ಎಂಟನೆಯವರು

ಪ್ರತಿಗಳು:
1. ಅಧೀಕ್ಷಕರಿಗೆ, ಮಾಹಿತಿಗಾಗಿ; ಗುಂಡಿ ಒತ್ತದಿರುವ ಸಲುವಾಗಿ.
2. ಲೆಕ್ಕ ಶಾಖೆಗೆ, ಹಸುವಿನ ವಿಷಯವನ್ನು ಇಲ್ಲಿಗೆ ಮುಕ್ತಾಯಗೊಳಿಸಲು.
3. ಶ್ರೀ ಹೂವಪ್ಪ, ವಾಹನ ಚಾಲಕರು. ಶೆಡ್ಡಿನಲ್ಲೇ ಮುಖ ತೊಳೆಯಲು ಅನುಮತಿಸಿದೆ.
4. ಶ್ರೀ ವೀರೇಂದ್ರ, ಭದ್ರಾವತಿ, ವಂದನೆಗಳೊಂದಿಗೆ. ರಟ್ಟನ್ನು ಹಿಂದಿರುಗಿಸಲಾಗುವುದಿಲ್ಲ.
5. ಶ್ರೀಮತಿ ಹಾಲಮ್ಮ, ಕಾಗದನಗರ. ಸರ್ಕಾರಿ ವಾಹನದಲ್ಲಿ ಮರೆತಿರುವ ಕೊಡವನ್ನು ಕೊಂಡೊಯ್ಯಲು.
6. ಶ್ರೀಮತಿ ಕಾಳಮ್ಮನವರು, ನಿವೃತ್ತರು. ಯಾರೂ ಓದಿ ಹೇಳುವ ಅಗತ್ಯವಿಲ್ಲ. ಆದೇಶಗಳನ್ನು ಅಕ್ಷರ ಬಿಡದೆ ಓದುವವರು ಈ ಕಛೇರಿಯಲ್ಲಿ ಅವರೊಬ್ಬರೇ ಇದ್ದರೆಂಬುದು ಉಲ್ಲೇಖ (1)ರಿಂದ ದೃಢಪಟ್ಟಿದೆ.
7. ಕಛೇರಿ ಕಡತಕ್ಕೆ.

(ಕಡತದ ಪ್ರತಿಯ ಅಂಚಿನಲ್ಲಿ, ಪೆನ್ಸಿಲಿನಲ್ಲಿ: ‘ಒಂದೂವರೆ ಚಮಚ. ಶುಂಠಿ ಜಜ್ಜಿ ಹಾಕಬೇಕು. ಕೇಳಿದ್ದರೆ ಹೇಳುತ್ತಿದ್ದೆ. – ಸುಮನಾ, ಪ್ರ.ದ.ಸ.’)